ಋತುಹಬ್ಬಕ್ಕೆ ಎಲೆ-ಮಣ್ಣಿನ ಕಲಾಸ್ಪರ್ಧೆ, ಜೊತೆಗೆ ಹಳೇ ಫೋಟೋ ಪ್ರದರ್ಶನ: ಅಳತೆ, ನಿಯಮ, ತೀರ್ಪು ಹೇಗೆ?

ಹೊಸಚಿಗುರು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಎಲೆ ಉದುರುವ ಕಾಲ ಮುಗಿಯುವ ಹೊತ್ತಿಗೆ ಒಂದು ದಿನದ ಬಡಾವಣೆ ಹಬ್ಬ ಮಾಡುವ ಯೋಜನೆ ಇದೆ. ಬೆಳಗ್ಗೆ ನಿಸರ್ಗದ ವಸ್ತುಗಳಲ್ಲೇ ಕಲಾಸ್ಪರ್ಧೆ, ಮಧ್ಯಾಹ್ನದ ಮೇಲೆ ಸ್ಥಳೀಯ ಇತಿಹಾಸದ ಫೋಟೋ ಪ್ರದರ್ಶನ. ಸುಮಾರು 60 ಜನ, ಅರ್ಧಕ್ಕಿಂತ ಹೆಚ್ಚು ಮಕ್ಕಳು. ಬಯಲು ಇದೆ, ಪಕ್ಕದಲ್ಲೇ ಒಂದು ಹಜಾರವೂ ಇದೆ.

ಗೊತ್ತಾಗಬೇಕಾದ್ದು: ನೆಲದ ಮೇಲೆ ಎಲೆ, ಕಡ್ಡಿ, ಕಲ್ಲಲ್ಲಿ ಮಾಡುವ ಚಿತ್ರಕ್ಕೆ ಎಷ್ಟು ಜಾಗ, ಎಷ್ಟು ಹೊತ್ತು ಕೊಡಬೇಕು? ಗಾಳಿ ಬಂದರೆ ಏನು ಮಾಡುವುದು? ಕಾಗದದ ಮೇಲೆ ಅಂಟಿಸಿದ ಎಲೆ ಎರಡೇ ದಿನಕ್ಕೆ ಸುರುಳಿ ಸುತ್ತಿಕೊಂಡು ಕಪ್ಪಾಗುತ್ತದೆ, ಯಾಕೆ? ತೀರ್ಪಿನಲ್ಲಿ ತಕರಾರು ಬರದ ಹಾಗೆ ಅಂಕ ಹೇಗೆ ಕೊಡುವುದು? ಮನೆಮನೆಯಿಂದ ಹಳೇ ಫೋಟೋ ತರಿಸಿದರೆ ಏನೇನು ಎಚ್ಚರ ಬೇಕು? ಮಾಡಿ ಬಲ್ಲವರು ದಯವಿಟ್ಟು ಹೇಳಿ.

ತರಗೆಲೆ:

ನೆಲದ ಸ್ಪರ್ಧೆ ಚೆನ್ನಾಗುವುದೂ ಕೆಡುವುದೂ ಹಿಂದಿನ ದಿನದ ತಯಾರಿಯಲ್ಲೇ. 60 ಜನರನ್ನು ಮೂವರ ತಂಡ ಮಾಡಿದರೆ 20 ಚೌಕ ಬೇಕು. ಒಂದು ಚೌಕಕ್ಕೆ 1 ಮೀಟರ್ ಉದ್ದ, 1 ಮೀಟರ್ ಅಗಲ ಸಾಕು. ಅದಕ್ಕಿಂತ ದೊಡ್ಡದು ಕೊಟ್ಟರೆ ಮಕ್ಕಳ ಕೈ ನಡುಭಾಗಕ್ಕೆ ಎಟುಕುವುದಿಲ್ಲ, ತಾವು ಮಾಡಿದ್ದರ ಮೇಲೆ ತಾವೇ ಮಂಡಿಯೂರಿ ಕೆಡಿಸಿಕೊಳ್ಳುತ್ತಾರೆ. ಚೌಕಗಳ ನಡುವೆಯೂ ಸುತ್ತಲೂ 1 ಮೀಟರ್ ಓಡಾಟದ ದಾರಿ ಬಿಡಿ. ಐದರಂತೆ ನಾಲ್ಕು ಸಾಲು ಹಾಕಿದರೆ ಒಟ್ಟು 11 ಮೀಟರ್ × 9 ಮೀಟರ್ ಬಯಲು ಸಾಕಾಗುತ್ತದೆ.

ಚೌಕ ಎಳೆಯುವಾಗ ಕಣ್ಣಳತೆ ನಂಬಬೇಡಿ. ನಾಲ್ಕೂ ಬದಿ 1 ಮೀಟರ್ ಇದ್ದರೂ ಚೌಕ ಓರೆಯಾಗಿರಬಹುದು. ಮೂಲೆಯಿಂದ ಮೂಲೆಗೆ ಎರಡೂ ಕಡೆ 1.41 ಮೀಟರ್ ಬಂದರೆ ಮಾತ್ರ ಸರಿ. ಗೆರೆಗೆ ಸುಣ್ಣದ ಪುಡಿ ಬೇಡ, ಸರಿಯಾಗಿ ಅರಳದ ಸುಣ್ಣ ಕೈ, ಕಣ್ಣು ಎರಡನ್ನೂ ಸುಡುತ್ತದೆ. ನಾಲ್ಕು ಗೂಟ, ಸುತ್ತ ಹತ್ತಿ ದಾರ ಸಾಕು. ಗೂಟ ನೆಲಮಟ್ಟಕ್ಕೆ ಇಳಿದಿರಲಿ, ಇಲ್ಲವಾದರೆ ಎಡವುತ್ತಾರೆ.

ಸಾಮಗ್ರಿಯನ್ನು ಸಂಘಟಕರೇ ರಾಶಿ ಹಾಕಿ ಕೊಡುವುದು ನನ್ನ ಮಟ್ಟಿಗೆ ಕಡ್ಡಾಯ. "ನೀವೇ ಹುಡುಕಿ ತನ್ನಿ" ಅಂದರೆ ಹತ್ತು ನಿಮಿಷದಲ್ಲಿ ಸುತ್ತಲಿನ ಗಿಡಗಳ ಕೆಳಗಿನ ಕೊಂಬೆಗಳು ಬೋಳಾಗುತ್ತವೆ. ತರಗೆಲೆ, ಹಣ್ಣೆಲೆ, ಕಡ್ಡಿ, ತೊಗಟೆ, ಬೀಜದ ಕಾಯಿ, ಬೆಣಚುಕಲ್ಲು, ಎರಡು ಮೂರು ಬಣ್ಣದ ಮಣ್ಣು, ಇವನ್ನು ಬೇರೆ ಬೇರೆ ಗುಡ್ಡೆ ಮಾಡಿ. ತಂಡಕ್ಕೆ ಒಂದು ಬುಟ್ಟಿ. ರಾಶಿಯನ್ನು ಎರಡು ಕಡೆ ಹಂಚಿ ಇಡಿ, ಒಂದೇ ಕಡೆ ಇಟ್ಟರೆ ಮೊದಲು ಓಡಿದವರಿಗೆ ಕೆಂಪೆಲೆ, ಕೊನೆಗೆ ಬಂದವರಿಗೆ ಪುಡಿ.

ಬೇಡವಾದದ್ದರ ಪಟ್ಟಿ ಮೊದಲೇ ಕೊಡಿ: ಗಿಡದಿಂದ ಕಿತ್ತದ್ದು, ಹಕ್ಕಿಗೂಡು, ಅಣಬೆ, ಜೀವಂತ ಪಾಚಿ. ಕಣಗಿಲೆ, ಉಮ್ಮತ್ತಿ, ಪಾರ್ಥೇನಿಯಂ ರಾಶಿಯೊಳಗೆ ಸೇರದ ಹಾಗೆ ಒಬ್ಬರು ಕೂತು ಆರಿಸಬೇಕು. ಗುಲಗಂಜಿಯ ವಿಷಯದಲ್ಲಿ ಇನ್ನೂ ಬಿಗಿ. ಕೆಂಪು-ಕಪ್ಪು ಬಣ್ಣಕ್ಕೆ ಮಕ್ಕಳು ಅದನ್ನೇ ಕೇಳುತ್ತಾರೆ, ಆದರೆ ಸಿಪ್ಪೆ ಒಡೆದ ಬೀಜ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಹರಳು ಬೀಜವೂ ಹಾಗೆಯೇ.

ಸಮಯ: ಸಾಮಗ್ರಿ ಆರಿಸಲು 20 ನಿಮಿಷ, ಕೆಲಸಕ್ಕೆ 75 ನಿಮಿಷ. ಎರಡು ಗಂಟೆ ಕೊಟ್ಟರೆ ಚಿತ್ರ ಚೆನ್ನಾಗುವುದಿಲ್ಲ, ತುಂಬಿಕೊಳ್ಳುತ್ತದೆ. ಖಾಲಿ ಜಾಗ ಬಿಡುವ ಧೈರ್ಯ ಹೊತ್ತು ಕಡಿಮೆ ಇದ್ದಾಗಲೇ ಬರುವುದು!

ಗಾಳಿಯ ಮಾತು. ಬಿಸಿಲೇರಿ ನೆಲ ಕಾದಂತೆ ಗಾಳಿಯೂ ಏರುತ್ತದೆ, ಅದಕ್ಕೇ ಬೆಳಗ್ಗೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಗಾಳಿ ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 4ನೇ ಹಂತ, ಅಂದರೆ ಗಂಟೆಗೆ 20ರಿಂದ 28 ಕಿಲೋಮೀಟರ್, ಧೂಳು, ಬಿಡಿ ಕಾಗದ ಏಳುವ ಗಾಳಿ. ಮುನ್ಸೂಚನೆ ಅಷ್ಟಿದ್ದರೆ ಬಯಲಲ್ಲಿ ಒಣ ಎಲೆಯ ಕೆಲಸ ಬೇಡ, ಕಲ್ಲು-ಕಡ್ಡಿ-ಮಣ್ಣಿಗೆ ಬದಲಿಸಿ. ಅದಕ್ಕಿಂತ ಕಡಿಮೆ ಇದ್ದರೆ ಮೂರು ಉಪಾಯ: ಚೌಕದ ಮಣ್ಣನ್ನು ಮುಂಚೆಯೇ ನೆನೆಸಿ ಮೇಲ್ಮೈ ತುಸು ಸಡಿಲಿಸಿಡಿ, ಎಲೆಗಳಿಗೆ ಅರ್ಧ ಗಂಟೆ ಮೊದಲು ನೀರು ಚಿಮುಕಿಸಿ ಗೋಣಿತಾಟು ಮುಚ್ಚಿಡಿ, ಒಣಗಿ ಸೆಟೆದದ್ದು ಮೆತ್ತಗಾಗಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಎಲೆ ಜೋಡಿಸುವಾಗ ತೊಟ್ಟನ್ನು ಮಣ್ಣಿಗೆ ಚುಚ್ಚಿ, ಮುಂದಿನ ಎಲೆಯಿಂದ ಅದನ್ನು ಮುಚ್ಚುತ್ತಾ ಹೋಗಲು ಹೇಳಿಕೊಡಿ, ಹೆಂಚು ಹೊದೆಸಿದ ಹಾಗೆ. ಗಾಳಿ ಬರುವ ದಿಕ್ಕಿಗೆ ಮುಚ್ಚಿದ ಅಂಚು ಇರಲಿ, ತೆರೆದ ಅಂಚಲ್ಲ.

ಅಳತೆಗೋಲು:

ತೀರ್ಪಿನ ಬಗ್ಗೆ ಮಾತ್ರ ಹೇಳುತ್ತೇನೆ, ತಕರಾರು ಹುಟ್ಟುವುದು ಅಲ್ಲೇ.

ಮೂವರು ತೀರ್ಪುಗಾರರ ಅಂಕ ಕೂಡಿಸಿ ಒಟ್ಟು ನೋಡುವುದು ಎಲ್ಲರೂ ಮಾಡುವ ಪದ್ಧತಿ. ಅದರಲ್ಲಿ ಒಂದು ಕೊಳಕು ಇದೆ. ಮೊದಲನೆಯವರು ಅಂಕಗಳ ನಡುವೆ ದೊಡ್ಡ ಅಂತರ ಇಡುವವರು: ಒಂದನೇ ಚಿತ್ರಕ್ಕೆ 90, ಎರಡನೆಯದಕ್ಕೆ 60. ಉಳಿದಿಬ್ಬರು ಸಣ್ಣ ಅಂತರ ಇಡುವವರು: ಒಬ್ಬರು 78 ಮತ್ತು 82, ಇನ್ನೊಬ್ಬರು 79 ಮತ್ತು 83. ಕೂಡಿಸಿದರೆ 247 ಮತ್ತು 225, ಒಂದನೇ ಚಿತ್ರ ಗೆದ್ದಿತು. ಆದರೆ ಮೂವರಲ್ಲಿ ಇಬ್ಬರಿಗೆ ಹಿಡಿಸಿದ್ದು ಎರಡನೆಯದು! ಅಂದರೆ ತೀರ್ಪು ಕೊಟ್ಟವರು ಒಬ್ಬರೇ, ಉಳಿದವರು ಸಹಿ ಹಾಕಿದರು ಅಷ್ಟೇ. ಇದಕ್ಕೆ ಮದ್ದು, ಅಂಕವನ್ನು ಸ್ಥಾನಕ್ಕೆ ಇಳಿಸುವುದು. ಪ್ರತಿಯೊಬ್ಬರ ಪಟ್ಟಿಯಲ್ಲೂ ಅತಿ ಹೆಚ್ಚಿನದಕ್ಕೆ 1, ಮುಂದಿನದಕ್ಕೆ 2, ಹೀಗೆ. ಸ್ಥಾನಗಳ ಮೊತ್ತ ಯಾವುದಕ್ಕೆ ಕಡಿಮೆಯೋ ಅದು ಗೆದ್ದ ಹಾಗೆ. ಮೇಲಿನ ಲೆಕ್ಕದಲ್ಲಿ 5 ಮತ್ತು 4, ಎರಡನೆಯದು ಗೆಲ್ಲುತ್ತದೆ. ಒಬ್ಬರ ಪಟ್ಟಿಯಲ್ಲೇ ಎರಡು ಚಿತ್ರಕ್ಕೆ ಸಮ ಅಂಕ ಬಿದ್ದರೆ ಇಬ್ಬರಿಗೂ ನಡುವಿನ ಸ್ಥಾನ: 3 ಮತ್ತು 4 ಹಂಚಬೇಕಾದಲ್ಲಿ ಇಬ್ಬರಿಗೂ 3.5.

ಎಲ್ಲರೂ ಒಂದನೇ ಚೌಕದಿಂದಲೇ ನೋಡುತ್ತಾ ಹೋಗಬಾರದು. ಮೊದಲು ಕಂಡವಕ್ಕೆ "ಮುಂದೆ ಇನ್ನೂ ಚೆನ್ನಾಗಿರಬಹುದು" ಎಂದು ಕೈ ಬಿಗಿಯಾಗುತ್ತದೆ. 20 ಚೌಕಕ್ಕೆ ಒಬ್ಬರು 1ರಿಂದ, ಇನ್ನೊಬ್ಬರು 8ರಿಂದ, ಮತ್ತೊಬ್ಬರು 15ರಿಂದ ಸುತ್ತು ಶುರು ಮಾಡಲಿ. ಹಾಳೆ ಮಡಚಿ ಕೊಡುವ ತನಕ ಪರಸ್ಪರ ಮಾತಿಲ್ಲ. ತಂಡದ ಹೆಸರು ಬೇಡ, ಸಂಖ್ಯೆ ಮಾತ್ರ. ತಮ್ಮ ಮನೆಯ ಮಕ್ಕಳಿರುವ ವಯೋವರ್ಗಕ್ಕೆ ಅವರು ತೀರ್ಪುಗಾರರಲ್ಲ.

ಅಂಕದ ಕಾಲಂ ಮೂರೇ ಸಾಕು: ಜೋಡಣೆ, ವಸ್ತುವಿನ ಗುಣ ಬಳಸಿದ ರೀತಿ, ವಿಷಯ ಹೊಮ್ಮಿದ ಬಗೆ. "ಪರಿಸರಸ್ನೇಹಿ" ಅಂತ 10 ಅಂಕದ ಕಾಲಂ ಹಾಕುವವರಿದ್ದಾರೆ. ನಿಯಮಕ್ಕೆ ಅಂಕ ಕೊಡಬಾರದು. ಪ್ಲಾಸ್ಟಿಕ್, ಬಣ್ಣ, ಕಿತ್ತ ಹೂವು ಇದ್ದರೆ ತೀರ್ಪಿಗೇ ಇಲ್ಲ. ಇಲ್ಲದಿದ್ದರೆ ಎಲ್ಲರೂ ಸಮ. 10ಕ್ಕೆ 4 ಕೊಟ್ಟು ಬಹುಮಾನವನ್ನೂ ಕೊಟ್ಟರೆ ಮುಂದಿನ ವರ್ಷ ಎಲ್ಲರೂ ಹೂವು ಕೀಳುತ್ತಾರೆ.

ವಯಸ್ಸು 8ರೊಳಗೆ, 8ರಿಂದ 12, 13ರಿಂದ 17, ದೊಡ್ಡವರು. ತಂಡದಲ್ಲಿ ದೊಡ್ಡವರೊಬ್ಬರಿದ್ದರೂ ಅದು ದೊಡ್ಡವರ ವರ್ಗ. ಈ ಒಂದು ಸಾಲು ಬರೆಯದೇ ಬಿಟ್ಟರೆ ಅಪ್ಪ-ಅಮ್ಮಂದಿರ ಸ್ಪರ್ಧೆ ನಡೆಯುತ್ತದೆ.

ಕೆಮ್ಮಣ್ಣು:

ಕಾಗದದ ಮೇಲಿನ ಎಲೆ ಕೆಡುವುದಕ್ಕೆ ಕಾರಣ ನೀರು. ಎಲೆಯ ಎರಡು ಮೈ ಒಂದೇ ವೇಗದಲ್ಲಿ ಒಣಗುವುದಿಲ್ಲ, ಹಾಗಾಗಿ ಸುರುಳಿ. ನಿಧಾನವಾಗಿ ಒಣಗಿದರೆ ಹೆಚ್ಚಿಟ್ಟ ಹಣ್ಣು ಕಂದಾಗುವಂತೆ ಎಲೆಯೂ ಕಂದುತ್ತದೆ. ಬಣ್ಣ ಉಳಿಯಬೇಕಾದರೆ ಬೇಗ ಒಣಗಬೇಕು, ಭಾರದಡಿ ಒಣಗಬೇಕು.

ಹತ್ತು ದಿನ ಮೊದಲೇ ಶುರು ಮಾಡಿ. ಮೈಮೇಲಿನ ಇಬ್ಬನಿ ಆರಿದ ಮೇಲೆ ಎಲೆ ಸಂಗ್ರಹಿಸಿ, ನ್ಯೂಸ್‌ಪ್ರಿಂಟ್ ಹಾಳೆಗಳ ನಡುವೆ ಒಂದಕ್ಕೊಂದು ತಾಗದಂತೆ ಹರಡಿ. ಮೇಲೆ ಕೆಳಗೆ ರಟ್ಟು, ಅದರ ಮೇಲೆ 8-10 ಕಿಲೋ ಭಾರ. ಮೊದಲ ಮೂರು ದಿನ ದಿನಾ ಹಾಳೆ ಬದಲಿಸಬೇಕು, ಆಮೇಲೆ ದಿನ ಬಿಟ್ಟು ದಿನ. ಹಾಳೆ ಬದಲಿಸುವುದನ್ನು ಮರೆತವರ ಎಲೆಗೇ ಬೂಷ್ಟು ಹಿಡಿಯುವುದು. ರಸಭರಿತ ದಪ್ಪ ಎಲೆ ಈ ಕೆಲಸಕ್ಕೆ ಬರುವುದಿಲ್ಲ. ತೊಟ್ಟು ಹಿಡಿದು ಎತ್ತಿದಾಗ ಎಲೆ ಬಾಗದೆ ನೆಟ್ಟಗೆ ನಿಂತರೆ ಒಣಗಿದೆ ಎಂದರ್ಥ. ಪುರುಸೊತ್ತಿಲ್ಲದಿದ್ದರೆ ಎರಡು ಹಾಳೆಯ ನಡುವೆ ಇಟ್ಟು, ಆವಿ ಬಿಡದೆ, ಕಡಿಮೆ ಶಾಖದ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿ ಎತ್ತಿ, ಒತ್ತಿ ಎತ್ತಿ ಮಾಡಿ. ಉಜ್ಜಿದರೆ ನರ ಹರಿಯುತ್ತದೆ.

ಅಂಟಿಸಲು ಬಿಳಿ ಅಂಟು ಸಾಕು, ಆದರೆ ಟ್ಯೂಬಿನಿಂದ ನೇರವಾಗಿ ಹಿಂಡಬೇಡಿ. ದಪ್ಪ ಅಂಟಿನ ನೀರು ಎಲೆಯನ್ನು ಮತ್ತೆ ನೆನೆಸಿ, ನೀವು ಹತ್ತು ದಿನ ಮಾಡಿದ್ದನ್ನು ಹತ್ತು ನಿಮಿಷದಲ್ಲಿ ಕೆಡಿಸುತ್ತದೆ. ಒಣ ಬ್ರಶ್ಶಿನಲ್ಲಿ ತೆಳುವಾಗಿ ನಡುನರಕ್ಕೂ ಅಂಚಿಗೂ ಸವರಿ, ಹಾಳೆ ಮುಚ್ಚಿ, ಒಂದು ರಾತ್ರಿ ಪುಸ್ತಕದ ಭಾರ ಹೇರಿ. ಕಾಗದ 250-300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಇರಲಿ. ತೆಳು ಡ್ರಾಯಿಂಗ್ ಹಾಳೆ ಅಂಟಿನ ಹಸಿಗೇ ಅಲೆಅಲೆಯಾಗುತ್ತದೆ. ಲ್ಯಾಮಿನೇಶನ್ ಬೇಡ. ಎಲೆಯಲ್ಲಿ ಉಳಿದ ತೇವ ಒಳಗೇ ಸಿಕ್ಕಿಬಿದ್ದು ಗುಳ್ಳೆ ಏಳುತ್ತದೆ, ಎಲೆ ಕಂದುತ್ತದೆ. ಎಷ್ಟೇ ಮಾಡಿದರೂ ಹಸಿರು ಬೆಳಕಿಗೆ ಮಾಸಿಯೇ ಮಾಸುತ್ತದೆ, ಹಳದಿ ಅದಕ್ಕಿಂತ ಹೆಚ್ಚು ದಿನ ಬಾಳುತ್ತದೆ.

ಮಣ್ಣಿನ ಬಣ್ಣ ಮಾಡಿಸುವುದಾದರೆ: ಮಣ್ಣನ್ನು ಕುಟ್ಟಿ ಜರಡಿ ಹಿಡಿದು, ಒಂದು ಪಾಲು ಮಣ್ಣಿಗೆ ಐದು ಪಾಲು ನೀರು ಹಾಕಿ ಕಲಕಿ. ಹತ್ತು ಎಣಿಸುವಷ್ಟರಲ್ಲಿ ಮರಳು ತಳಕ್ಕೆ ಕೂರುತ್ತದೆ. ಮೇಲಿನ ಕದಡು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ಒಂದು ರಾತ್ರಿ ಬಿಡಿ. ತಿಳಿ ಚೆಲ್ಲಿದರೆ ಉಳಿಯುವ ನುಣ್ಣನೆ ಗಸಿಯೇ ಬಣ್ಣ. ಜಾಲಿ ಗೋಂದು ಒಂದು ಪಾಲು, ನೀರು ಎರಡು ಪಾಲು, ರಾತ್ರಿ ನೆನೆಸಿ ಸೋಸಿ, ಗಸಿಗೆ ಸ್ವಲ್ಪ ಸ್ವಲ್ಪ ಬೆರೆಸಿ. ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತಿದರೆ ಗೋಂದು ಸಾಲದು. ಹೊಳೆದು ಚಕ್ಕೆ ಏಳುತ್ತಿದ್ದರೆ ಹೆಚ್ಚಾಯಿತು. ಎರಡೂ ಇಲ್ಲದೆ ಬರೀ ಬಿರುಕು ಬಿಟ್ಟರೆ ಬಳಿದದ್ದು ದಪ್ಪ. ಅರಿಶಿನದ ಹಳದಿ ಚಂದವೇ, ಆದರೆ ಬಿಸಿಲಿಗೆ ಬೇಗ ಹಾರುತ್ತದೆ, ಸೋಡಾ ತಾಗಿದರೆ ಕೆಂಪಾಗುತ್ತದೆ. ಮಣ್ಣಿನ ಬಣ್ಣಕ್ಕೆ ಈ ಎರಡು ಕಾಟವೂ ಇಲ್ಲ.

ನೀಲಿಅಚ್ಚು:

ಕೆಮ್ಮಣ್ಣು ಅವರ ಹಾಗೆ ಒತ್ತಿ ಒಣಗಿಸಿದ ಎಲೆ ಇದ್ದರೆ ಸ್ಪರ್ಧೆಯ ಪಕ್ಕದಲ್ಲೇ ಸಯನೋಟೈಪ್ (ಬಿಸಿಲಿನಿಂದ ಕಾಗದದ ಮೇಲೆ ನೀಲಿ ಅಚ್ಚು ತೆಗೆಯುವುದು) ಮೇಜು ಹಾಕಬಹುದು. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ. ಮರುವರ್ಷವೇ ಸಸ್ಯಶಾಸ್ತ್ರಜ್ಞೆ ಅನ್ನಾ ಅಟ್ಕಿನ್ಸ್ ಕಡಲಪಾಚಿಗಳ ಅಚ್ಚು ತೆಗೆಯಲು ಇದನ್ನು ಬಳಸತೊಡಗಿದರು. ಕ್ಯಾಮೆರಾ ಬೇಡ, ಬಿಸಿಲು ಸಾಕು.

ಫೆರಿಕ್ ಅಮೋನಿಯಂ ಸಿಟ್ರೇಟ್ (ಹಸಿರು ಬಗೆಯದು) 25 ಗ್ರಾಂ, 100 ಮಿಲಿ ನೀರಿನಲ್ಲಿ. ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಬೇರೆ 100 ಮಿಲಿ ನೀರಿನಲ್ಲಿ. ಎರಡನ್ನೂ ಬಣ್ಣದ ಬಾಟಲಿಯಲ್ಲಿ ಬೇರೆಬೇರೆ ಇಡಿ. ಬಳಸುವ ಹೊತ್ತಿಗೆ ಸಮಪಾಲು ಬೆರೆಸಿ, ಮಂದ ಬೆಳಕಿನ ಕೋಣೆಯಲ್ಲಿ ದಪ್ಪ ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಿ. ಎ4 ಹಾಳೆಗೆ ಸುಮಾರು 2 ಮಿಲಿ ಹಿಡಿಯುತ್ತದೆ. ಬಳಿಯುವ ಕೆಲಸ ದೊಡ್ಡವರದು, ಕೈಗವಸು ಹಾಕಿ. ಮಕ್ಕಳಿಗೆ ಒಣಗಿದ ಹಾಳೆ ಮಾತ್ರ ಕೊಡಿ. ಫೆರಿಸಯನೈಡಿನ ಹತ್ತಿರ ಶೌಚಾಲಯ ತೊಳೆಯುವ ಆಸಿಡ್‌ನಂಥ ಪ್ರಬಲ ಆಮ್ಲವನ್ನೂ ಬೆಂಕಿಯನ್ನೂ ಬಿಡಬೇಡಿ, ವಿಷಾನಿಲ ಹುಟ್ಟುತ್ತದೆ.

ಎಲೆ ಜೋಡಿಸಿ ಮೇಲೆ ಗಾಜು ಇಟ್ಟು ಕ್ಲಿಪ್ ಹಾಕಿ. ಎಲೆ ಕಾಗದಕ್ಕೆ ಒತ್ತಿ ಕೂರದಿದ್ದರೆ ಅಂಚು ಮಸುಕು. ಹಸಿ ಎಲೆಯಾದರೆ ರಸ ಇಳಿದು ಕಲೆ. ನಡುಹಗಲ ಬಿಸಿಲಲ್ಲಿ 5ರಿಂದ 10 ನಿಮಿಷ, ಮೋಡವಿದ್ದರೆ ಅರ್ಧ ಗಂಟೆಯೂ ಬೇಕಾದೀತು. ತೆರೆದ ಭಾಗ ಹಳದಿ-ಹಸಿರಿನಿಂದ ನೀಲಿಗೆ ತಿರುಗಿ, ಅದನ್ನೂ ದಾಟಿ ಬೂದುಗಂಚಿನ ಬಣ್ಣಕ್ಕೆ ಬರಬೇಕು. ನೀಲಿ ಕಂಡ ಕೂಡಲೇ ಎತ್ತುವುದೇ ಎಲ್ಲರೂ ಮಾಡುವ ತಪ್ಪು, ತೊಳೆದಾಗ ಅರ್ಧ ಬಣ್ಣ ಹರಿದುಹೋಗುತ್ತದೆ. ಬಿಳಿ ಭಾಗದಲ್ಲಿ ಹಳದಿ ಛಾಯೆ ಉಳಿಯದ ಹಾಗೆ 5-10 ನಿಮಿಷ ನೀರಲ್ಲಿ ತೊಳೆಯಿರಿ. ಸೋಪು, ಸೋಡಾ ತಾಗಿಸಬೇಡಿ, ಕ್ಷಾರ ಈ ನೀಲಿಯನ್ನು ತಿನ್ನುತ್ತದೆ. ಗೋಡೆಯ ಬಿಸಿಲಿಗೆ ಮಂಕಾದ ಅಚ್ಚನ್ನು ಕೆಲದಿನ ಕತ್ತಲಲ್ಲಿಟ್ಟರೆ ಬಹುಪಾಲು ಬಣ್ಣ ಮರಳುತ್ತದೆ.

ಹಳೇಕಡತ:

ಫೋಟೋ ಪ್ರದರ್ಶನಕ್ಕೆ ಒಂದೇ ಸೂತ್ರ: ಮೂಲ ಪ್ರತಿ ಗೋಡೆಗೆ ಹೋಗಬಾರದು. ತಂದವರ ಎದುರಿಗೇ ಸ್ಕ್ಯಾನ್ ಮಾಡಿ ಅಲ್ಲೇ ಹಿಂತಿರುಗಿಸಿ. "ನಾಳೆ ಕೊಡುತ್ತೇವೆ" ಅಂದ ಫೋಟೋವೇ ಕಳೆಯುವುದು. ಅಂಚು ಹಿಡಿದು ಎತ್ತಿ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಗುಣ ಕುಂದದ ಟಿಫ್ ಕಡತ ಉಳಿಸಿ, ಮುದ್ರಣಕ್ಕೆ ಜೆಪೆಗ್ ಪ್ರತಿ ಮಾಡಿ. ಆಲ್ಬಮ್ಮಿನಿಂದ ಕೀಳಬೇಡಿ, ಪುಟದೊಂದಿಗೇ ಸ್ಕ್ಯಾನ್ ಮಾಡಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಗಾಜಿನ ಮೇಲಿಂದಲೇ. ಎಳೆದರೆ ಚಿತ್ರದ ಪದರ ಗಾಜಿನ ಮೇಲೆ ಉಳಿದು ಬರೀ ಕಾಗದ ಕೈಗೆ ಬರುತ್ತದೆ. ಹಿಂಬದಿ ಬರೆದದ್ದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ, ಎಷ್ಟೋ ಸಲ ಮುಂಬದಿಗಿಂತ ಅದೇ ಬೆಲೆಯುಳ್ಳದ್ದು. ನೀವು ಬರೆಯಬೇಕಾದರೆ ಮೆತ್ತನೆ ಪೆನ್ಸಿಲ್ ಮಾತ್ರ. ಪ್ರದರ್ಶಿಸಲು, ಮುಂದೆ ಬಳಸಲು ಒಪ್ಪಿಗೆಯ ಸಹಿ ಅದೇ ರಿಜಿಸ್ಟರಿನಲ್ಲಿ ಹಾಕಿಸಿಕೊಳ್ಳಿ.

ಅಡಿಬರಹದಲ್ಲಿ ಗೊತ್ತಿಲ್ಲದ ವರ್ಷ ಹಾಕಬೇಡಿ. ಒಮ್ಮೆ ಮುದ್ರಿಸಿದ ತಪ್ಪು ವರ್ಷ ಆಮೇಲೆ ಊರಿನ ಇತಿಹಾಸವೇ ಆಗಿಬಿಡುತ್ತದೆ. "1960ರ ಸುಮಾರು" ಎನ್ನಿ, ಕೆಳಗೆ ಖಾಲಿ ಚೀಟಿ, ಪೆನ್ಸಿಲ್ ಕಟ್ಟಿಡಿ. ಹಿರಿಯರನ್ನು ಕೇಳುವಾಗ "ಯಾವ ವರ್ಷ?" ಅಂದರೆ ಉತ್ತರ ಬರುವುದಿಲ್ಲ. "ಕರೆಂಟು ಬರುವ ಮುಂಚೆಯೋ ಆಮೇಲೆಯೋ?", "ನಿಮ್ಮ ಮದುವೆಗೆ ಮುಂಚೆಯೋ?" ಅಂದರೆ ಬರುತ್ತದೆ. ಚಿತ್ರದ ನಡುಭಾಗ ನೆಲದಿಂದ 145 ಸೆಂಟಿಮೀಟರ್ ಎತ್ತರದಲ್ಲಿರಲಿ. ಮಕ್ಕಳೇ ಹೆಚ್ಚಿದ್ದಾರೆ ಅಂದಿರಿ, ಹಾಗಾದರೆ 125ಕ್ಕೆ ಇಳಿಸಿ.

ಜನ ಗುಂಪುಗೂಡಿ ನಿಲ್ಲುವುದು "ಅಂದು-ಇಂದು" ಜೋಡಿಯ ಮುಂದೆ. ಹಳೇ ಫೋಟೋ ತೆಗೆದ ಜಾಗ ಅಂದಾಜಲ್ಲಿ ಸಿಗುವುದಿಲ್ಲ, ಆದರೆ ಹುಡುಕಲು ಖಚಿತವಾದ ದಾರಿ ಇದೆ. ಫೋಟೋದ ಎಡಭಾಗದಲ್ಲಿ ಇನ್ನೂ ಉಳಿದಿರುವ ಎರಡು ವಸ್ತು ಆರಿಸಿ, ಒಂದು ಹತ್ತಿರದ್ದು, ಒಂದು ದೂರದ್ದು: ಒಂದು ಗೋಡೆಯ ಮೂಲೆ, ಅದರ ಹಿಂದೆ ಕಾಣುವ ಗೋಪುರದ ತುದಿ. ಫೋಟೋದಲ್ಲಿ ಅವು ಹೇಗೆ ಒಂದಕ್ಕೊಂದು ಸೇರಿವೆಯೋ ಹಾಗೇ ಕಾಣುವ ತನಕ ಅಡ್ಡಡ್ಡ ನಡೆಯಿರಿ. ಆಗ ನೀವು ಒಂದು ಗೆರೆಯ ಮೇಲಿದ್ದೀರಿ. ಆ ಗೆರೆ ಬಿಡದೆ ಹಿಂದೆ ಮುಂದೆ ನಡೆಯುತ್ತಾ ಬಲಭಾಗದ ಇನ್ನೊಂದು ಜೋಡಿಯನ್ನೂ ಹೊಂದಿಸಿ. ಎರಡು ಗೆರೆ ಕೂಡುವ ಜಾಗದಲ್ಲೇ ಅಂದಿನ ಕ್ಯಾಮೆರಾ ಇತ್ತು. ಎತ್ತರಕ್ಕೂ ಇದೇ ಉಪಾಯ. ಮಹಡಿಯಿಂದ ತೆಗೆದದ್ದಾದರೆ ನೆಲದಲ್ಲಿ ನಿಂತು ಎಷ್ಟು ತಿಣುಕಿದರೂ ಹೊಂದುವುದಿಲ್ಲ. ಲೆನ್ಸ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ: ವಸ್ತುಗಳು ಒಂದರ ಹಿಂದೊಂದು ಹೇಗೆ ಕಾಣುತ್ತವೆ ಎಂಬುದು ನಿಂತ ಜಾಗದಿಂದ ಮಾತ್ರ ನಿಶ್ಚಯವಾಗುತ್ತದೆ, ಅಗಲವಾಗಿ ತೆಗೆದು ಆಮೇಲೆ ಕತ್ತರಿಸಿದರಾಯಿತು. ನೆರಳೂ ಹೊಂದಬೇಕಾದರೆ ಅದೇ ತಿಂಗಳು, ಅದೇ ಹೊತ್ತಿಗೆ ಹೋಗಿ.

ಹೊಸಚಿಗುರು:

ಇಷ್ಟೊಂದು ಸಿಗುತ್ತದೆ ಅಂದುಕೊಂಡಿರಲಿಲ್ಲ, ಧನ್ಯವಾದ. ಎರಡು ಅನುಮಾನ ಉಳಿದವು. ನೆಲದ ಚಿತ್ರಗಳ ಫೋಟೋ ಯಾವಾಗ, ಹೇಗೆ ತೆಗೆಯುವುದು? ಮಳೆ ಬಂದರೆ ಹಜಾರದೊಳಗೆ ಇದೇ ಸ್ಪರ್ಧೆ ಆಗುತ್ತದೆಯೇ?

ಅಳತೆಗೋಲು:

ಗಂಟೆ ಬಾರಿಸಿದ ಕೂಡಲೇ ಫೋಟೋ, ಆಮೇಲೆ ತೀರ್ಪು. ಗಾಳಿ ಕೆಡಿಸಿದರೆ ಸಾಕ್ಷಿ ಅದೇ. ಚೌಕದ ಮೂಲೆಯಲ್ಲಿ ಸಂಖ್ಯೆಯ ಚೀಟಿ ಇರಲಿ, ಒಬ್ಬರೇ ಎಲ್ಲವನ್ನೂ ಒಂದೇ ಎತ್ತರದಿಂದ, ಫೋನು ನೆಲಕ್ಕೆ ಸಮಾಂತರವಾಗಿ ಹಿಡಿದು ತೆಗೆಯಲಿ. ನಾಲ್ಕು ಗೂಟವೂ ಚೌಕಟ್ಟಿನೊಳಗೆ ಬಂದರೆ ಓರೆ ತಿದ್ದಿಕೊಳ್ಳಬಹುದು. ತೆಗೆಯುವವರ ನೆರಳು ಚಿತ್ರದ ಮೇಲೆ ಬೀಳದ ಬದಿಗೆ ನಿಲ್ಲಬೇಕು. ಉಬ್ಬು-ತಗ್ಗು ಇರುವ ಕಲ್ಲಿನ ಕೆಲಸಕ್ಕೆ ಓರೆ ಬಿಸಿಲು ಚಂದ, ಎಲೆಯ ಬಣ್ಣಕ್ಕೆ ಮೋಡದ ಬೆಳಕು.

ತರಗೆಲೆ:

ಮಳೆಗೆ: 60 ಸೆಂಟಿಮೀಟರ್ ಚೌಕದ ರಟ್ಟು ಅಥವಾ ಪ್ಲೈವುಡ್ ತಟ್ಟೆ, ಸುತ್ತ 3 ಸೆಂಟಿಮೀಟರ್ ಪಟ್ಟಿ, ಒಳಗೆ 2 ಸೆಂಟಿಮೀಟರ್ ಮರಳು. ಕಡ್ಡಿ, ತೊಟ್ಟು ಚುಚ್ಚಲು ಅಷ್ಟು ಆಳ ಸಾಕು. ಒಂದು ತಟ್ಟೆಗೆ ಸುಮಾರು 7 ಲೀಟರ್ ಮರಳು, ಒಣಗಿದ್ದರೂ 11 ಕಿಲೋ ದಾಟುತ್ತದೆ, 20 ತಟ್ಟೆಗೆ 230 ಕಿಲೋ. ಮರಳು ತುಂಬಿದ ತಟ್ಟೆ ಎತ್ತಲು ಹೋದರೆ ನಡು ಬಾಗಿ ಚಿತ್ರ ಬಿರಿಯುತ್ತದೆ. ಅದಕ್ಕೇ ತಟ್ಟೆಗಳನ್ನು ಮೊದಲೇ ಜಾಗದಲ್ಲಿಟ್ಟು, ಆಮೇಲೆ ಬಕೆಟ್ಟಿನಲ್ಲಿ ಮರಳು ತಂದು ಸುರಿಯಿರಿ. ಫ್ಯಾನ್ ಸ್ವಿಚ್ಚಿನ ಮೇಲೆ ಟೇಪು ಹಚ್ಚುವುದು ಮಾತ್ರ ಮರೆಯಬೇಡಿ!